‘ಅಡ್ಡಿಲ್ಲ’ ಅಂದರೆ ಸಾಕಾ? ಹೊಸ ಕಥೆಗಾರರಿಗೆ ನೇರ ವಿಮರ್ಶೆ: ಪರ-ವಿರೋಧ

ಕಥೆ ಬರೆಯಲು ಈಗಷ್ಟೇ ಕೈ ಹಾಕಿದವರಿಗೆ ಮುಲಾಜಿಲ್ಲದ ವಿಮರ್ಶೆ ಬೇಕಾ? ಘಟ್ಟದ ಮೇಲಿನ ಒಬ್ಬರು ಬೇಕೇ ಬೇಕು ಅನ್ನುತ್ತಾರೆ. ಅವರದು ಶಿರಸಿ ಸೀಮೆಯ ಅಡಿಕೆ ತೋಟ. ಘಟ್ಟದ ಕೆಳಗಿನ ಒಬ್ಬರು ಬೇಡ ಅನ್ನುತ್ತಾರೆ. ಅವರು ಕಾರವಾರದ ನಿವೃತ್ತ ಶಿಕ್ಷಕಿ. ಇಬ್ಬರೂ ಕಥೆ ಬರೆಯುವವರೇ.

ಪರ: ಒಂದು ಅಡಿಕೆ ಕತ್ತರಿಸಿ ನೋಡಿ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಒಂದು ಮಾತಿದೆ. ಅಡ್ಡಿಲ್ಲ. ಹವ್ಯಕರ ಮನೆಯಲ್ಲಾದರೆ ಅಡ್ಡಿಲ್ಲೆ. ಹುಡುಗಿ ನೋಡಿ ಬಂದರೂ ಅಡ್ಡಿಲ್ಲ, ಯಕ್ಷಗಾನದ ಆಟ ನೋಡಿ ಬಂದರೂ ಅಡ್ಡಿಲ್ಲ, ತಂಬುಳಿ ಉಂಡರೂ ಅಡ್ಡಿಲ್ಲ. ಚೆನ್ನಾಗಿದೆ ಅಂತಲೂ ಆಗಬಹುದು. ಕೆಟ್ಟಿಲ್ಲ ಅಂತಲೂ ಆಗಬಹುದು. ನನ್ನನ್ನು ಬಿಟ್ಟುಬಿಡು ಮಾರಾಯ ಅಂತಲೂ ಆಗಬಹುದು. ಕೇಳಿದವನು ತನಗೆ ಬೇಕಾದ ಅರ್ಥ ಹಚ್ಚಿಕೊಂಡು ಮನೆಗೆ ಹೋಗುತ್ತಾನೆ.

ನನ್ನ ಮೊದಲ ಕಥೆಗೆ ಎಂಟು ಅಡ್ಡಿಲ್ಲ ಸಿಕ್ಕಿದವು. ಗೆಳೆಯನ ಮನೆಯ ಜಗಲಿ, ಮಳೆಗಾಲದ ಸಂಜೆ, ಎಂಟು ಜನ. ಇಪ್ಪತ್ತು ನಿಮಿಷ ಓದಿದೆ. ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕಥೆಯ ಗುಂಗಿನಲ್ಲಿದ್ದಾರೆ ಅಂದುಕೊಂಡೆ. ಆಮೇಲೆ ಒಬ್ಬ ಎಲೆ-ಅಡಿಕೆಯ ಕವಳದ ತಟ್ಟೆ ಮುಂದೆ ತಳ್ಳಿ ‘ಅಡ್ಡಿಲ್ಲ’ ಅಂದ. ಉಳಿದವರಿಗೆ ದಾರಿ ಸಿಕ್ಕಿತು.

ಆ ಧೈರ್ಯದ ಮೇಲೆ ಅದೇ ಕಥೆಯನ್ನು ಐದು ಕಡೆ ಕಳಿಸಿದೆ. ಪತ್ರಿಕೆಯವರು ಯಾಕೆ ಬೇಡ ಅಂತ ಬರೆಯುವುದಿಲ್ಲ. ಅಷ್ಟೊಂದು ಕಥೆಗಳ ರಾಶಿ ಮುಂದಿಟ್ಟುಕೊಂಡು ಕೂತವರಿಗೆ ಪುರುಸೊತ್ತಾದರೂ ಎಲ್ಲಿ? ಸ್ಟಾಂಪು ಹಚ್ಚಿದ ಲಕೋಟೆ ಇಟ್ಟಿದ್ದರೆ ಕಥೆ ವಾಪಸ್ ಬರುತ್ತಿತ್ತು. ಕಾರಣ ಬರುತ್ತಿರಲಿಲ್ಲ. ಎರಡು ವರ್ಷ ಹೀಗೇ ಹೋಯಿತು. ಸಂಪಾದಕರಿಗೆ ಮಲೆನಾಡು ಅಂದರೆ ಆಗುವುದಿಲ್ಲ ಅಂತ ನನಗೆ ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಇದು ನಗುವ ವಿಷಯವೇ, ನಗಿ.

ಕಾರಣ ಸಿಕ್ಕಿದ್ದು ನನ್ನ ಹೈಸ್ಕೂಲು ಮೇಷ್ಟ್ರ ಹತ್ತಿರ. ಅವರು ಪೆನ್ಸಿಲ್ ಹಿಡಿದು ಎರಡು ಸಲ ಓದಿದರು. ಎರಡನೇ ಪುಟದಲ್ಲಿ ನಿಂತರು. ಅಲ್ಲೊಂದು ಸಾಲಿತ್ತು: ‘ಪ್ರತಿ ವರ್ಷ ಜಾತ್ರೆಗೆ ಬರುತ್ತಿದ್ದ ಮಾವ ಆ ವರ್ಷ ಬರಲಿಲ್ಲ.’

‘ಯಾವ ಊರಿನ ಜಾತ್ರೆಯೋ ಇದು?’

‘ಶಿರಸಿಯದೇ ಸರ್.’

‘ಮಾರಿಕಾಂಬೆಗೆ ಜಾತ್ರೆ ಎರಡು ವರ್ಷಕ್ಕೊಮ್ಮೆ. ಮಾವ ಬರದೇ ಇದ್ದದ್ದು ಸರಿಯಾಗೇ ಇದೆ.’

ಹುಟ್ಟಿದಾಗಿನಿಂದ ಆ ಜಾತ್ರೆ ನೋಡಿದವನು ನಾನು. ಸಾಲಿನ ಓಟ ಚೆನ್ನಾಗಿತ್ತು, ಕೈ ಬರೆದುಬಿಟ್ಟಿತು. ಅದು ಬಿಡಿ. ಜಗಲಿಯಲ್ಲಿ ಕೂತಿದ್ದ ಎಂಟೂ ಜನ ಅದೇ ಜಾತ್ರೆಯಲ್ಲಿ ತೊಟ್ಟಿಲು ಹತ್ತಿದವರು. ಒಬ್ಬರ ಕಿವಿಗೂ ಅದು ಬೀಳಲಿಲ್ಲ ಅಂದರೆ ನಾನು ನಂಬುವುದಿಲ್ಲ. ಬಿದ್ದಿತ್ತು. ಮುಲಾಜು ಬಾಯಿ ಕಟ್ಟಿತ್ತು. ಆ ಮುಲಾಜಿಗೆ ನಾನು ಐದು ಲಕೋಟೆ, ಎರಡು ವರ್ಷ ಕೊಟ್ಟೆ.

ಮೇಷ್ಟ್ರು ಅಲ್ಲಿಗೇ ಬಿಡಲಿಲ್ಲ. ಕಥೆಯಲ್ಲಿ ಆಯಿ, ಅಂದರೆ ತಾಯಿ, ನಾಲ್ಕು ಸಲ ಅಳುತ್ತಿದ್ದಳು. ನಾಲ್ಕೂ ಕಡೆ ಗೀಟು ಹಾಕಿದ್ದರು. ‘ತಮ್ಮಾ, ನಿಮ್ಮ ಆಯಿ ಇಷ್ಟು ಅಳೋದನ್ನ ನೀನು ನೋಡಿದ್ಯನೋ?’ ನೋಡಿರಲಿಲ್ಲ. ‘ಅಜ್ಜ ಸತ್ತ ದಿನ ಏನು ಮಾಡಿದಳು?’ ಯೋಚಿಸಿದೆ. ನೆನಪಾಯಿತು, ಹೇಳಿದೆ. ‘ಮತ್ತೆ ಅದನ್ನ ಬರೆಯೋದು ಬಿಟ್ಟು ಇದೆಲ್ಲಾ ಎಂತಕ್ಕೆ?’ ಅಂದರು.

‘ಅವಳ ಕಣ್ಣುಗಳಲ್ಲಿ ನೋವಿನ ಕಡಲೇ ಉಕ್ಕಿ ಹರಿಯಿತು’ ಅನ್ನುವ ಸಾಲು ಹೋಯಿತು. ಅದರ ಜಾಗಕ್ಕೆ ಬಂದದ್ದು ಇಷ್ಟು: ‘ಆಯಿ ಒಲೆಯ ಬೂದಿ ತೆಗೆಯಲು ಹೋದಳು. ಬೆಳಿಗ್ಗೆಯೇ ತೆಗೆದಾಗಿತ್ತು.’ ಇದು ದೊಡ್ಡ ಸಾಹಿತ್ಯ ಅಂತ ನಾನು ಹೇಳುತ್ತಿಲ್ಲ. ಆದರೆ ಇದು ನಮ್ಮನೆ ಒಲೆ. ಆ ಕಡಲು ಯಾರದ್ದೋ. ಶಿರಸಿಯಲ್ಲಿ ಕಡಲೆಲ್ಲಿದೆ ಹೇಳಿ?

ನನಗೆ ಗೊತ್ತಿರುವ ಇನ್ನೊಂದು ಕೆಲಸ ಅಡಿಕೆಯದು. ಸುಮಾರು ನಲವತ್ತು ದಿನ ಅಂಗಳದಲ್ಲಿ ಒಣಗಿಸಿ, ಸುಲಿದು, ಒಳ್ಳೆಯ ಚಾಲಿ ಬೇರೆ, ಬಿಳೆಗೋಟು ಬೇರೆ, ಕಳಪೆ ಕೋಕಾ ಬೇರೆ ಅಂತ ಆರಿಸಿ ಪೇಟೆಗೆ ಒಯ್ಯುತ್ತೇವೆ. ವ್ಯಾಪಾರಿ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾನೆ. ಒಂದನ್ನು ಕತ್ತರಿಸಿ ಒಳಗೆ ನೋಡುತ್ತಾನೆ. ಚಾಲಿಯಲ್ಲಿ ಕೋಕಾ ಸೇರಿದ್ದರೆ ಮುಖಕ್ಕೇ ಹೇಳುತ್ತಾನೆ. ‘ನನ್ನ ಮನಸ್ಸಿಗೆ ನೋವಾಯಿತು’ ಅಂತ ಅತ್ತುಕೊಂಡು ಮನೆಗೆ ಬಂದ ತೋಟಿಗನನ್ನು ನಾನು ಕಂಡಿಲ್ಲ. ಬೈದುಕೊಳ್ಳುತ್ತೇವೆ, ಮುಂದಿನ ವರ್ಷ ಆರಿಸುವಾಗ ಹುಷಾರಾಗಿರುತ್ತೇವೆ. ಕಥೆಗೆ ಮಾತ್ರ ಯಾಕೆ ಚೀಲದ ಬಾಯಿ ಬಿಚ್ಚದೆ ಮೇಲಿಂದ ತಟ್ಟಿ ‘ಅಡ್ಡಿಲ್ಲ’ ಅನ್ನಬೇಕು?

ಇದು ನಮಗೆ ಹೊಸದೂ ಅಲ್ಲ. ತಾಳಮದ್ದಳೆ ಕೂಟ ನೋಡಿ. ವೇಷ ಇಲ್ಲ, ಕುಣಿತ ಇಲ್ಲ, ಮಾತೇ ಎಲ್ಲ. ನಿಮ್ಮ ಅರ್ಥದಲ್ಲಿ, ಅಂದರೆ ಪಾತ್ರವಾಗಿ ಆಡುವ ಮಾತಿನಲ್ಲಿ, ಹುರುಳಿಲ್ಲದಿದ್ದರೆ ಎದುರು ಕೂತ ಅರ್ಥಧಾರಿ ಸಭೆಯ ಮುಂದೆ ಅಲ್ಲೇ ಹಿಡಿಯುತ್ತಾನೆ. ಕರ್ಣನ ಪಕ್ಷ ಹಿಡಿದು ಬಂದವನು ಆ ರಾತ್ರಿ ಸೋತು ಹೋಗಬಹುದು. ಮುಂದಿನ ಕೂಟಕ್ಕೆ ಓದಿಕೊಂಡು ಬರುತ್ತಾನೆ. ಆಟ ಮುಗಿದ ಬೆಳಿಗ್ಗೆ ಚಾದ ಅಂಗಡಿಯಲ್ಲಿ ಯಾರ ಹೆಜ್ಜೆ ತಾಳ ಬಿಟ್ಟಿತು ಅಂತ ಲೆಕ್ಕ ಹಾಕುವ ಜನ ನಾವು. ಕಥೆ ಅಂದ ಕೂಡಲೇ ಸಭ್ಯರಾಗಿಬಿಡುತ್ತೇವೆ.

ಚುಚ್ಚುವುದನ್ನೇ ವಿಮರ್ಶೆ ಅಂದುಕೊಂಡವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಅವರನ್ನು ಗುರುತಿಸುವುದು ಸುಲಭ. ಅವರ ಮಾತಿನಲ್ಲಿ ಪುಟದ ನಂಬರು ಇರುವುದಿಲ್ಲ. ‘ನಿನ್ನಲ್ಲಿ ಅನುಭವದ ಆಳ ಸಾಲದು’ ಅನ್ನುತ್ತಾರೆ. ಎಷ್ಟನೇ ಪುಟದಲ್ಲಿ ಸಾಲದು ಅಂತ ಕೇಳಿದರೆ ಮಾತು ನಿಲ್ಲುತ್ತದೆ. ಮೇಷ್ಟ್ರ ಪೆನ್ಸಿಲ್ ಗೀಟು ನಿಂತದ್ದು ಎರಡನೇ ಪುಟದಲ್ಲಿ, ಮೇಲಿನಿಂದ ಆರನೇ ಸಾಲಿನಲ್ಲಿ. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ.

ವಿರೋಧ: ‘ಕಾರಣ ಕೊಡು’ ಅಂದವಳು ನಾನೇ

ಶಿರಸಿಯವರ ಬೂದಿಯ ಸಾಲು ನನಗೆ ಇಷ್ಟವಾಯಿತು. ಜಾತ್ರೆಯ ತಪ್ಪನ್ನು ಹೇಳಲೇಬೇಕಿತ್ತು, ಅದೂ ಒಪ್ಪಿದೆ. ಆದರೆ ಅದಕ್ಕೆ ವಿಮರ್ಶಕರು ಯಾಕೆ? ನೆರೆಮನೆಯವರು ಸಾಕು. ಇನ್ನು ಆ ಮೇಷ್ಟ್ರು. ಅವರಿಗೆ ಹುಡುಗ ಗೊತ್ತಿದ್ದ, ಅವನ ಮನೆ ಗೊತ್ತಿತ್ತು. ಎರಡು ಸಲ ಓದಿದರು, ಆಯಿಯ ಬಗ್ಗೆ ಕೇಳಿದರು, ಉತ್ತರ ಬರುವವರೆಗೆ ಕಾದರು. ಅದನ್ನು ನೇರ ವಿಮರ್ಶೆ ಅನ್ನುವುದಾದರೆ ನನ್ನ ತಕರಾರಿಲ್ಲ. ನಾನು ಕಂಡ ನೇರ ವಿಮರ್ಶೆ ಬೇರೆ. ಅದನ್ನು ನಡೆಸಿದವಳೂ ನಾನೇ.

ಕಾರವಾರದಲ್ಲಿ ಐದು ವರ್ಷ ತಿಂಗಳಿಗೊಂದು ಭಾನುವಾರ ಹತ್ತು ಹನ್ನೆರಡು ಜನ ಸೇರುತ್ತಿದ್ದೆವು. ಒಬ್ಬರು ಕಥೆ ಓದುವುದು, ಉಳಿದವರು ಹೇಳುವುದು. ಹೊಗಳಿಕೆ ಬೇಡ, ತಪ್ಪು ಹೇಳಿ ಅನ್ನುವ ನಿಯಮ ಮಾಡಿದ್ದು ನಾನು. ನನಗೂ ಅಡ್ಡಿಲ್ಲ ಕೇಳಿ ಕೇಳಿ ಸಾಕಾಗಿತ್ತು.

ನಿಯಮ ಎಲ್ಲರಿಗೂ ಒಂದೇ. ನಡೆದದ್ದು ಹಾಗಲ್ಲ. ದೊಡ್ಡ ಹುದ್ದೆಯಲ್ಲಿದ್ದು ರಿಟೈರ್ ಆದವರು ಓದಿದರೆ, ‘ಒಂದೆರಡು ಕಡೆ ಬಿಗಿ ಮಾಡಬಹುದು ಸರ್, ಅಷ್ಟೇ’. ಡಿಗ್ರಿ ಓದುವ ಹುಡುಗಿ ಓದಿದರೆ ಹತ್ತೂ ಜನರಿಗೆ ಹತ್ತು ತಪ್ಪು ಕಾಣುತ್ತಿತ್ತು. ನೇರವಾಗಿ ಮಾತಾಡುವ ಹುಮ್ಮಸ್ಸು ಯಾವಾಗಲೂ ತಗ್ಗಿನ ಕಡೆಗೇ ಹರಿಯುತ್ತಿತ್ತು. ಇದು ನನಗೆ ಗೊತ್ತಾಗಲು ಮೂರು ವರ್ಷ ಬೇಕಾಯಿತು. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಆ ಹುಡುಗಿ ಕಾರವಾರದ ಬೈತಖೋಲದವಳು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಅಮ್ಮ ಮೀನು ಮಾರುವವಳು. ಕಥೆ ರಂಪಣಿಯದು. ರಂಪಣಿ ಅಂದರೆ ದಡದಿಂದ ಎಳೆಯುವ ದೊಡ್ಡ ಬಲೆ. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧ ಚಂದ್ರದ ಹಾಗೆ ಬಿಟ್ಟು ಬರುತ್ತಾರೆ. ಆಮೇಲೆ ಎರಡೂ ತುದಿಯ ಹಗ್ಗ ಹಿಡಿದು ಹತ್ತಾರು ಜನ ದಡಕ್ಕೆ ಎಳೆಯುತ್ತಾರೆ. ಸಿಕ್ಕ ಮೀನಿನಲ್ಲಿ ಎಳೆದವರಿಗೆಲ್ಲ ಪಾಲು. 1970ರ ದಶಕದಲ್ಲಿ ಸುತ್ತುಬಲೆ ಹಾಕುವ ಯಾಂತ್ರಿಕ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಕಡಿಮೆಯಾಗುತ್ತ ಬಂತು. ಅವಳ ಕಥೆ ಆ ಕೊನೆಯ ದಿನಗಳದ್ದು, ಅಜ್ಜಿ ಹೇಳಿದ್ದು.

ಕಥೆಯಲ್ಲಿ ಅಪ್ಪ ಎಲ್ಲರ ಜೊತೆ ಬಲೆ ಎಳೆಯುತ್ತಾನೆ. ಪಾಲು ಹಂಚುವ ಹೊತ್ತಿಗೆ ಹೋಗಿ ದೋಣಿಯ ಮರೆಯಲ್ಲಿ ಬೆನ್ನು ತಿರುಗಿಸಿ ನಿಲ್ಲುತ್ತಾನೆ. ಮಗಳು ಬುಟ್ಟಿ ಹಿಡಿದು ನೋಡುತ್ತಾಳೆ. ಯಾರೂ ಅವನನ್ನು ಕರೆಯುವುದಿಲ್ಲ. ಖಾಲಿ ಬುಟ್ಟಿಯಲ್ಲಿ ಒಂದು ತಾರ್ಲೆ ಹೇಗೋ ಬಿದ್ದಿರುತ್ತದೆ. ಮಗಳು ದಾರಿಯಲ್ಲಿ ಅದನ್ನು ತೆಗೆದು ಮರಳಿನಲ್ಲಿ ಮುಚ್ಚುತ್ತಾಳೆ. ಅಷ್ಟೇ ಕಥೆ.

ಅಪ್ಪ ಯಾಕೆ ಹಾಗೆ ನಿಂತ? ಜಗಳವಾ, ಸಾಲವಾ, ಕುಡಿತವಾ? ‘ಕಾರಣ ಕೊಡು, ಇಲ್ಲದಿದ್ದರೆ ಓದುಗನಿಗೆ ಮೋಸ’ ಅಂದೆ ನಾನು. ಶಿರಸಿಯವರೇ, ಪುಟದ ನಂಬರು ಕೊಟ್ಟೇ ಹೇಳಿದೆ. ಏಳನೇ ಪುಟ. ತಾರ್ಲೆ ಅಂದರೆ ಬೆಂಗಳೂರಿನವರಿಗೆ ಗೊತ್ತಾಗುವುದಿಲ್ಲ, ಸುಮ್ನೆ ಮೀನು ಅಂತ ಬರೆ ಅಂದರು ಇನ್ನೊಬ್ಬರು. ಹನೇಹಳ್ಳಿಯ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಕೂತು ದಶಕಗಟ್ಟಲೆ ಹನೇಹಳ್ಳಿಯನ್ನೇ ಬರೆದರು, ಓದಿದವರು ನಕಾಶೆ ಕೇಳಲಿಲ್ಲ. ಇದು ನಮಗೆಲ್ಲ ಗೊತ್ತಿತ್ತು. ಆ ಸಂಜೆ ಒಬ್ಬರಿಗೂ ನೆನಪಾಗಲಿಲ್ಲ.

ಅವಳು ತಲೆಯಾಡಿಸಿದಳು, ಎಲ್ಲವನ್ನೂ ಬರೆದುಕೊಂಡಳು. ತಾಳಮದ್ದಳೆಯಲ್ಲಿ ಎದುರಿನವನಿಗೆ ತಿರುಗಿ ಮಾತಾಡುವ ಹಕ್ಕಿದೆ. ಇಲ್ಲಿ ಹತ್ತೊಂಬತ್ತರ ಹುಡುಗಿ ಹತ್ತು ಜನ ಹಿರಿಯರಿಗೆ ಏನು ತಾನೆ ಹೇಳುತ್ತಾಳೆ? ಮುಂದಿನ ತಿಂಗಳು ತಿದ್ದಿಕೊಂಡು ಬಂದಳು. ಅಪ್ಪನ ಸಾಲದ ಬಗ್ಗೆ ಅರ್ಧ ಪುಟ ಸೇರಿತ್ತು. ತಾರ್ಲೆ ಹೋಗಿ ಮೀನು ಬಂದಿತ್ತು. ಓದುವಾಗಲೇ ಗೊತ್ತಾಯಿತು, ದೋಣಿಯ ಮರೆಯ ಮನುಷ್ಯ ಅಲ್ಲಿಲ್ಲ. ಅವನ ಜಾಗದಲ್ಲಿ ಒಬ್ಬ ಸಾಲಗಾರ ನಿಂತಿದ್ದ. ನಾವೆಲ್ಲ ಈಗ ಸರಿಹೋಯಿತು ಅಂದೆವು. ಮೂರನೇ ತಿಂಗಳು ಅವಳು ಬರಲಿಲ್ಲ.

ನಾವು ಯಾರೂ ಸುಳ್ಳು ಹೇಳಿರಲಿಲ್ಲ. ಎಲ್ಲರೂ ಮನಸ್ಸಿಗೆ ಕಂಡದ್ದನ್ನೇ ಹೇಳಿದ್ದೆವು. ನನ್ನನ್ನು ಕಾಡುವುದು ಅದೇ. ಕೋಕಾ ಯಾವುದು ಅಂತ ಹತ್ತು ವ್ಯಾಪಾರಿಗಳು ಒಂದೇ ಮಾತು ಹೇಳುತ್ತಾರೆ. ನಮ್ಮ ಗುಂಪಿನಲ್ಲಿ ಒಬ್ಬರಿಗೆ ಮರಳಿನಲ್ಲಿ ಮೀನು ಮುಚ್ಚುವುದು ಜಾಸ್ತಿಯಾಯಿತು, ಇನ್ನೊಬ್ಬರಿಗೆ ಅದೊಂದೇ ಹಿಡಿಸಿತು. ಇಬ್ಬರೂ ಸತ್ಯವನ್ನೇ ಹೇಳಿದರು. ಅವಳು ಯಾರ ಸತ್ಯಕ್ಕೆ ತಿದ್ದಬೇಕಿತ್ತು? ಮತ್ತೆ, ಅಡಿಕೆ ಅಂಗಳದಲ್ಲಿ ಒಣಗುವ ಆ ನಲವತ್ತು ದಿನ ದಾರಿಹೋಕರೆಲ್ಲ ಬಂದು ಕತ್ತರಿಸಿ ನೋಡುವುದಿಲ್ಲ ಅಲ್ವಾ?

ನಮ್ಮೂರಿಗೆ ಒಬ್ಬ ಹೊಸ ಬರಹಗಾರ ಬಂದಿದ್ದ ಕಥೆಯೂ ಇದೆ. 1883ರಲ್ಲಿ ರವೀಂದ್ರನಾಥ ಟಾಗೋರರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಆಗ ಬಂದಿದ್ದ ರವೀಂದ್ರನಾಥರಿಗೆ 22 ವರ್ಷ. ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋಗಿ, ಬೆಳದಿಂಗಳಲ್ಲಿ ಮರಳ ಮೇಲೆ ನಡೆದು ಬಂದು, ಆ ರಾತ್ರಿಯೇ ಒಂದು ಪದ್ಯ ಬರೆದರು. ಬಹಳ ವರ್ಷದ ಮೇಲೆ ಅದನ್ನು ನೆನೆದು, ಭಾವನೆ ಉಕ್ಕುತ್ತಿರುವ ಹೊತ್ತು ಬರೆಯಲು ಒಳ್ಳೆಯ ಹೊತ್ತಲ್ಲ ಅನ್ನುವ ಅರ್ಥದ ಮಾತು ಬರೆದರು. ಎಂಥ ನೇರ ವಿಮರ್ಶೆ! ಆದರೆ ಅದನ್ನು ಹೇಳಿದ್ದು ಅವರೇ, ತಮಗೇ, ಅದೂ ಕಾಲ ಕಳೆದ ಮೇಲೆ. ಮರುದಿನ ಬೆಳಿಗ್ಗೆ ಹತ್ತು ಜನ ಸುತ್ತ ಕೂತು ಹೇಳಿದ್ದಲ್ಲ. ಅವರ ಅತ್ತಿಗೆ ಕಾದಂಬರಿದೇವಿ, ನೀನು ಆಗಿನ ಬಂಗಾಳಿ ಕವಿ ಬಿಹಾರಿಲಾಲ ಚಕ್ರವರ್ತಿಯಷ್ಟು ಚೆನ್ನಾಗಿ ಎಂದೂ ಬರೆಯಲಾರೆ ಅನ್ನುತ್ತಿದ್ದರಂತೆ. ಶಿರಸಿಯವರು ಇದನ್ನು ತಮ್ಮ ಪಕ್ಷಕ್ಕೆ ಎಳೆದುಕೊಳ್ಳಬಹುದು. ಆದರೆ ಅತ್ತಿಗೆ ಮನೆಯವರು, ಮೈದುನನ ಬರಹವನ್ನು ಅಕ್ಕರೆಯಿಂದ ಓದುತ್ತಿದ್ದವರು. ಅಂಥವರ ಬೈಗುಳವೂ ಊಟದ ಜೊತೆ ಬರುತ್ತದೆ.

ಗುಂಪು ಈಗಿಲ್ಲ. ಯಾರಾದರೂ ಮೊದಲ ಕಥೆ ತಂದರೆ ಓದಿ, ‘ಇನ್ನೊಂದು ಬರೆದಿದ್ದೀಯಾ?’ ಅಂತ ಮಾತ್ರ ಕೇಳುತ್ತೇನೆ. ನಾಲ್ಕನೆಯದೋ ಐದನೆಯದೋ ಆಗುವ ಹೊತ್ತಿಗೆ ಅವರೇ ಬಂದು ಇಲ್ಲಿ ಏನೋ ಸರಿಯಿಲ್ಲ ಅನ್ನುತ್ತಾರೆ. ಆಗ ಬೇಕಾದರೆ ಪೆನ್ಸಿಲ್ ತೆಗೆಯುತ್ತೇನೆ.

ಕಳೆದ ಮಳೆಗಾಲದಲ್ಲಿ ಪರಿಚಯದವರೊಬ್ಬರು ಹೊಸಬರ ಕಥೆಗಳ ಸಂಕಲನಕ್ಕೆ ಕಥೆ ಹುಡುಕುತ್ತಿದ್ದರು. ನನಗೆ ರಂಪಣಿ ನೆನಪಾಯಿತು. ಅವಳು ಈಗ ಗೋವಾದಲ್ಲಿ ಕೆಲಸದಲ್ಲಿದ್ದಾಳೆ. ಫೋನ್ ಮಾಡಿ ಆ ಕಥೆ ಇದೆಯಾ ಅಂತ ಕೇಳಿದೆ.

‘ಯಾವ್ದು ಟೀಚರ್? ತಿದ್ದಿದ್ದಾ, ಮೊದಲಿನದಾ?’

ಮೊದಲಿನದು ಅಂದೆ. ಅದನ್ನು ಬರೆದಿದ್ದ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಅಮ್ಮ ಮೀನಿನ ಲೆಕ್ಕ ಬರೆದು ಮುಗಿಸಿದ್ದಳಂತೆ. ಆಮೇಲೆ ಅದು ಎಲ್ಲಿ ಹೋಯಿತೋ ಗೊತ್ತಿಲ್ಲ ಅಂದಳು. ತಿದ್ದಿದ್ದು ಬೇಕಾದರೆ ಇದೆ, ಕಳಿಸಲಾ ಅಂತ ಕೇಳಿದಳು.