ಡಿಎನ್‌ಎ ಚಿಪ್ ದನದ ಮೈಯೊಳಗೆ ಹೋಗುವುದಿಲ್ಲ

‘ಮಲೆನಾಡು ಗಿಡ್ಡ ದನಗಳ ಮೈಗೆ ಡಿಎನ್‌ಎ ಚಿಪ್ ತೂರಿಸುತ್ತಾರೆ’ ಎಂಬ ಸಂದೇಶ ತೀರ್ಥಹಳ್ಳಿ, ಹೊಸನಗರ ಕಡೆ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಇದು ತಪ್ಪು. ಹೆಸರೇ ಗೊಂದಲ ಮಾಡಿದೆ, ಅಷ್ಟೇ. ಗುರುತಿಗೆಂದು ಚರ್ಮದಡಿ ಹಾಕುವ ಅಕ್ಕಿಕಾಳಿನಷ್ಟು ಮೈಕ್ರೋಚಿಪ್ ಬೇರೆಯೇ ವಸ್ತು. ಡಿಎನ್‌ಎ ಚಿಪ್ ಅಂದರೆ ದನದ ಡಿಎನ್‌ಎ ಪರೀಕ್ಷಿಸುವ ಸಾಧನ, ಅದು ಲ್ಯಾಬ್ ಬಿಟ್ಟು ಕೊಟ್ಟಿಗೆಗೆ ಬರುವುದೇ ಇಲ್ಲ. ದನದಿಂದ ಬೇಕಾಗುವುದು ಚೂರು ರಕ್ತ, ಇಲ್ಲವೇ ಬುಡಸಮೇತ ಕಿತ್ತ ಕೂದಲು.

ಬೇಕಾದಂತೆ ಮಾಡಿಸಿಕೊಳ್ಳುವ ಒಂದು ಬಗೆಯ ಚಿಪ್ ಅಂದರೆ ಬರೀ ಗಾಜಿನ ಪಟ್ಟಿ. ಡಿಎನ್‌ಎಯ ಎ, ಟಿ, ಜಿ, ಸಿ ಅಕ್ಷರಗಳನ್ನು, ಅಂದರೆ ಡಿಎನ್‌ಎ ಕಟ್ಟುವ ನಾಲ್ಕು ರಾಸಾಯನಿಕಗಳನ್ನು, ಅದರ ಮೇಲೆ ಇಂಕ್‌ಜೆಟ್ ಪ್ರಿಂಟರಿನ ಹಾಗೆ ಹನಿಸುತ್ತಾರೆ. ಒಂದು ಅಕ್ಷರ ಕೂತ ಮೇಲೆ ತೊಳೆದು, ಅದರ ತಲೆಯ ಮೇಲೆ ಇನ್ನೊಂದು. ಅಜಿಲೆಂಟ್ ಕಂಪನಿಯ ಚಿಪ್‌ನಲ್ಲಿ ಡಿಎನ್‌ಎ ಎಳೆ ಹೀಗೆ 60 ಅಕ್ಷರದವರೆಗೆ ಬೆಳೆಯುತ್ತದೆ. ಗಾಜಿನ ಮೇಲಿನ ಯಾವ ಚುಕ್ಕೆಗೆ ಯಾವ ಎಳೆ ಎಂಬುದೆಲ್ಲ ಕಂಪ್ಯೂಟರ್ ಫೈಲಿನಲ್ಲಿರುತ್ತದೆ. ಫೈಲ್ ಬದಲಿಸಿದರೆ ಚಿಪ್ಪೇ ಬೇರೆ! ಹೊಳೆಯುವ ಬಣ್ಣ ಹಚ್ಚಿದ ದನದ ಡಿಎನ್‌ಎ ಮಾದರಿ ತನ್ನ ಜೋಡಿ ಎಳೆ ಸಿಕ್ಕಲ್ಲಿ ಅಂಟುತ್ತದೆ, ಸ್ಕ್ಯಾನರ್ ಓದುತ್ತದೆ.