ನೀರು ಇಳಿಯದ ವಾಷಿಂಗ್ ಮೆಷಿನ್

ಫ್ರಂಟ್ ಲೋಡ್ ಮೆಷಿನ್ನಿನಲ್ಲಿ ನೀರು ನಿಂತರೆ ಬಾಗಿಲೂ ತೆರೆಯುವುದಿಲ್ಲ, ಬಟ್ಟೆಯೂ ಕೈಗೆ ಸಿಗುವುದಿಲ್ಲ. ರಿಪೇರಿಯವರು ಬಂದು ಸರಿಯಾಗಿ ನೋಡದೆಯೇ 'ಪಂಪ್ ಹೋಗಿದೆ, ಬದಲಿಸಬೇಕು' ಅಂತಾರೆ. ಕೆಳಗಿನ ಪುಟ್ಟ ಮುಚ್ಚಳ ತೆಗೆದು ಫಿಲ್ಟರ್ ಬಿಚ್ಚಿದ್ದರೆ ಸಾಕಿತ್ತು! ನಮ್ಮದರಲ್ಲಿ ಸಿಕ್ಕಿದ್ದು ಲೋಳೆಗಟ್ಟಿದ ಕೂದಲುಂಡೆ, ಒಂದು ನಾಣ್ಯ, ತುಕ್ಕು ಹಿಡಿದ ಸೇಫ್ಟಿ ಪಿನ್ನು. ಪಂಪ್ ಚೆನ್ನಾಗಿಯೇ ಇತ್ತು.

ಇದನ್ನು ಮೆಷಿನ್ ಕೂರಿಸುವ ದಿನವೇ ಹೇಳಿಕೊಡಬಾರದಾ? ಮೊದಲು ಪ್ಲಗ್ ಕೀಳಬೇಕು, ಕೆಳಗೆ ಅಗಲವಾದ ತಟ್ಟೆ ಇಡಬೇಕು, ಇಲ್ಲದಿದ್ದರೆ ನೆಲವೆಲ್ಲ ನೀರು. ಇನ್ನು ಡ್ರೈನ್ ಪೈಪು. ಮೆಷಿನ್ನನ್ನು ಗೋಡೆಗೆ ಒತ್ತಿ ನಿಲ್ಲಿಸುತ್ತಾರೆ, ಹಿಂದೆ ಪೈಪು ಮಡಚಿರುತ್ತದೆ. ನೀರು ಹೋಗುವುದಾದರೂ ಹೇಗೆ? ಇದೆಲ್ಲ ಗೊತ್ತಿಲ್ಲದವರು ಸುಮ್ನೆ ಹೊಸ ಪಂಪಿಗೆ ದುಡ್ಡು ಸುರಿಯುತ್ತಾರಲ್ಲ, ನನ್ನ ಸಿಟ್ಟೆಲ್ಲ ಅದಕ್ಕೇ.