ಮೊಸುಲ್ ಕಟ್ಟುವ ಮೊದಲು ಪೂರ್ತಿ ಲೆಕ್ಕ ಬೇಕಾ?

ಪರ

2017ರ ಜುಲೈನಲ್ಲಿ ಇರಾಕ್‌ನ ಮೊಸುಲ್ ನಗರ ಐಸಿಸ್ ಕೈಯಿಂದ ಬಿಡುಗಡೆಯಾಯಿತು. ಟೈಗ್ರಿಸ್ ನದಿಯ ಪಶ್ಚಿಮ ದಡದ ಹಳೇ ಊರು ಆಗ ಕಲ್ಲುಮಣ್ಣಿನ ರಾಶಿ. ಏನು ಹೋಗಿದೆ, ಏನು ಉಳಿದಿದೆ ಅಂತ ಗೊತ್ತಿಲ್ಲದೆ ಯಾರ ಹತ್ತಿರ ಅಂತ ದುಡ್ಡು ಕೇಳುವುದು? ಇರಾಕ್ ಸರ್ಕಾರ ಮತ್ತು ವಿಶ್ವಬ್ಯಾಂಕ್ ಸೇರಿ ಮೊಸುಲ್ ಇರುವ ಪ್ರಾಂತ್ಯವೂ ಸೇರಿ ಯುದ್ಧ ಕಂಡ ಏಳು ಪ್ರಾಂತ್ಯಗಳ ಲೆಕ್ಕ ಹಾಕಿದವು, ಉಪಗ್ರಹದ ಚಿತ್ರಗಳನ್ನೂ ಬಳಸಿದವು. ಹಾನಿ ಸುಮಾರು 4,570 ಕೋಟಿ ಡಾಲರ್. ಮತ್ತೆ ಕಟ್ಟಲು ಬೇಕಾದ್ದು ಸುಮಾರು 8,800 ಕೋಟಿ.

ಒಂದಕ್ಕೆ ಎರಡು ಯಾಕೆ ಅಂತ ಕೇಳುವವರಿದ್ದಾರೆ. ಹಾನಿ ಅಂದರೆ ಮುರಿದು ಬಿದ್ದದ್ದರ ಬೆಲೆ ಮಾತ್ರ. ಅಗತ್ಯದ ಲೆಕ್ಕದಲ್ಲಿ ಹಿಂದಿಗಿಂತ ಗಟ್ಟಿಯಾಗಿ ಕಟ್ಟುವುದು, ಅವಶೇಷ ಸಾಗಿಸುವುದು, ಅದರಡಿ ಸಿಡಿಯದೆ ಉಳಿದ ಬಾಂಬ್ ತೆಗೆಯುವುದು, ನಿಂತುಹೋದ ಆಸ್ಪತ್ರೆ-ಶಾಲೆಗಳನ್ನು ಮತ್ತೆ ನಡೆಸುವುದು, ಎಲ್ಲ ಸೇರುತ್ತದೆ. ಯಾವುದು ಮೊದಲು ಅನ್ನುವುದೂ ಇಲ್ಲೇ ತೀರ್ಮಾನವಾಗಬೇಕು. ಕರೆಂಟ್ ಬರುವ ಮೊದಲೇ ನೀರಿನ ಪಂಪ್ ರಿಪೇರಿ ಮಾಡಿದರೆ ನಲ್ಲಿಯಲ್ಲಿ ಗಾಳಿ ಬರುತ್ತದೆ, ಅಷ್ಟೇ.

ವಿರೋಧ

ಸರಿ, ಲೆಕ್ಕ ಹಾಕಿದರು. ದುಡ್ಡು ಎಷ್ಟು ಬಂತು? 2018ರ ಫೆಬ್ರವರಿಯಲ್ಲಿ ಕುವೈತ್‌ನಲ್ಲಿ ದೇಶಗಳೆಲ್ಲ ಸೇರಿದಾಗ ಸಿಕ್ಕ ಭರವಸೆ ಸುಮಾರು 3,000 ಕೋಟಿ ಡಾಲರ್, ಅದರಲ್ಲೂ ಜಾಸ್ತಿ ಪಾಲು ಸಾಲ ಮತ್ತು ಹೂಡಿಕೆ. ಕೇಳಿದ್ದರ ಅರ್ಧವೂ ಇಲ್ಲ ಅಲ್ವಾ? ಅಮೆರಿಕ ಇರಾಕ್ ಮೇಲೆ ದಾಳಿ ಮಾಡಿದ 2003ರಲ್ಲೂ ವಿಶ್ವಸಂಸ್ಥೆ ಮತ್ತು ವಿಶ್ವಬ್ಯಾಂಕ್ ನೀರು, ಆರೋಗ್ಯದಂಥ 14 ವಲಯಗಳ ಲೆಕ್ಕ ಕೊಟ್ಟಿದ್ದವು. ಆಮೇಲೆ ಹಿಂಸೆ ಏರುತ್ತಾ ಹೋಯಿತು, ಅಂದಾಜು ಕಾಗದದಲ್ಲೇ ಹಳೆಯದಾಯಿತು.

ಜನ ಅಂತೂ ವರದಿಗೆ ಕಾಯಲಿಲ್ಲ. ಕುವೈತ್ ಸಭೆಗೆ ಮೊದಲೇ, 2017 ಮುಗಿಯುವಷ್ಟರಲ್ಲಿ, ಇರಾಕ್‌ನಾದ್ಯಂತ ನಿರಾಶ್ರಿತರಾಗಿದ್ದವರಲ್ಲಿ 30 ಲಕ್ಷಕ್ಕೂ ಹೆಚ್ಚು ಮಂದಿ ತಮ್ಮ ತಮ್ಮ ಊರಿಗೆ ವಾಪಸ್ ಬಂದಿದ್ದರು. ಅವರಿಗೆ ಅವತ್ತೇ ನೀರು ಬೇಕಿತ್ತು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ 2015ರಲ್ಲೇ ಶುರು ಮಾಡಿದ್ದ ನಿಧಿ ನನಗೆ ಇಷ್ಟವಾಗುವುದು ಇದಕ್ಕೇ: ಊರು ಬಿಡುಗಡೆಯಾಗುತ್ತಿದ್ದಂತೆ ಪಂಪ್, ಕರೆಂಟ್, ಕ್ಲಿನಿಕ್ ಅಂತ ಸಣ್ಣ ಸಣ್ಣ ರಿಪೇರಿಗೆ ಕೈ ಹಾಕುವುದು, ಊರವರಿಗೇ ದಿನಗೂಲಿ ಕೊಡುವುದು. ಪೂರ್ತಿ ಲೆಕ್ಕ ಬೇಡ ಅನ್ನುತ್ತಿಲ್ಲ, ಅದು ಕೆಲಸದ ಜೊತೆಜೊತೆಗೇ ನಡೆಯಲಿ.

ಇನ್ನೊಂದು ಮಾತು. ಉಪಗ್ರಹಕ್ಕೆ ಕುಸಿದ ಚಾವಣಿ ಕಾಣುತ್ತದೆ. ಆ ಮನೆಯ ಪತ್ರ ಯಾರ ಹತ್ತಿರ ಇದೆ, ಯುದ್ಧದಲ್ಲಿ ಸುಟ್ಟುಹೋಯಿತಾ, ವಾಪಸ್ ಬಂದ ವಿಧವೆಯ ಹೆಸರಿಗೆ ಅದು ಆಗುತ್ತದಾ ಅನ್ನುವುದಕ್ಕೆ ಬೀದಿಗೆ ಇಳಿದು ಮನೆ ಮನೆಗೆ ಹೋಗಿ ಕೇಳಬೇಕು.